ಕಳಿಸುವವರಿಲ್ಲದ ಸ್ಪರ್ಧಿ: ಕಾರವಾರದ ಒಬ್ಬ ಪಿಟೀಲು ವಿದ್ಯಾರ್ಥಿನಿಯ ಪ್ರಕರಣ

ಈ ಬರಹವನ್ನು ಸಂಬಂಧಪಟ್ಟ ಕುಟುಂಬಕ್ಕೆ ಮೊದಲು ಓದಿ ಹೇಳಿ, ಅವರು ಒಪ್ಪಿದ ಮೇಲೆ ಹೊರಗೆ ಬಿಡುತ್ತಿದ್ದೇನೆ. ಗುರುತು ಸಿಗದಿರಲೆಂದು ಮನೆಯಿರುವ ಕೇರಿ, ತಂದೆಯ ಉದ್ಯೋಗ, ಮನೆಮಂದಿಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತ ಹುಡುಗಿಯೊಬ್ಬಳು ಯುರೋಪಿನ ಪಿಟೀಲು ಸ್ಪರ್ಧೆಯೊಂದಕ್ಕೆ ಅರ್ಜಿ ಹಾಕಿದ ಪ್ರಕರಣ ಇದು; ಆ ಸ್ಪರ್ಧೆಯ ಹೆಸರನ್ನಾಗಲಿ ಅದು ನಡೆದ ಊರನ್ನಾಗಲಿ ಹೇಳುವುದಿಲ್ಲ. ಯಾವ ನಿರ್ಧಾರದ ಬೆನ್ನಿಗೆ ಯಾವುದು ಬಂತು, ನಡುವೆ ಎಷ್ಟು ದಿನ ಹೋದವು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಉಳಿಸಿದ್ದೇನೆ, ಏಕೆಂದರೆ ಇದೇ ದಾರಿ ಹಿಡಿಯುವ ಇನ್ನೊಂದು ಮನೆಗೆ ಬೇಕಾಗುವುದು ಅದೇ. ವಿದ್ಯಾರ್ಥಿನಿಯನ್ನು ‘ಹುಡುಗಿ’ ಎಂದೂ ಅವಳ ಗುರುಗಳನ್ನು ‘ಮಾಸ್ತರರು’ ಎಂದೂ ಕರೆದಿದ್ದೇನೆ. ನಾನು ಸಂಗೀತಗಾರನಲ್ಲ. ಬ್ಯಾಂಕಿನಿಂದ ನಿವೃತ್ತನಾಗಿ ಕಾರವಾರದಲ್ಲಿರುವವನು, ಅರ್ಜಿ ಬರೆಯಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಈ ಕೆಲಸದೊಳಗೆ ಸೇರಿಕೊಂಡವನು.

ಹಿನ್ನೆಲೆ

ಉತ್ತರ ಕನ್ನಡದಲ್ಲಿ ಶಾಸ್ತ್ರೀಯ ಸಂಗೀತ ಕಲಿಯುವ ಮಗುವಿನ ಮುಂದೆ ಸವೆದ ದಾರಿಯೊಂದಿದೆ. ಶಿರಸಿ, ಕುಮಟಾ, ಹೊನ್ನಾವರಗಳಲ್ಲಿ ಹಿಂದೂಸ್ತಾನಿ ಗಾಯನವನ್ನೋ ತಬಲಾವನ್ನೋ ಕಲಿತವರು ಪರೀಕ್ಷೆ ಕಟ್ಟುತ್ತಾರೆ, ಧಾರವಾಡಕ್ಕೆ ಹೋಗಿ ಬರುತ್ತಾರೆ, ಆಕಾಶವಾಣಿಯ ಧ್ವನಿಪರೀಕ್ಷೆಗೆ ಕೂರುತ್ತಾರೆ. ಬಿ ಗ್ರೇಡ್ ಬಂದರೆ ಊರಿನ ಸಂಗೀತ ಸಭೆಯಲ್ಲಿ ಸಂಜೆಯ ಮೊದಲ ಅರ್ಧ ಗಂಟೆ ಅವರದಾಗುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಇಲ್ಲಿ ಅಂಥ ದಾರಿಯಿಲ್ಲ, ಆದರೆ ಸಂಗೀತ ಇದೆ. ಗೋವೆಯ ಗಡಿ ಮಾಜಾಳಿಯ ಆಚೆಗೇ ಇರುವುದರಿಂದ ಕರಾವಳಿಯ ಇಗರ್ಜಿಗಳಲ್ಲಿ ಗಾಯನವೃಂದದ ಜೊತೆ ಪಿಟೀಲು ಕೇಳಿಬರುವುದು ಹಳೆಯ ಮಾತು. ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ದಶಕಗಳಿಂದ ನಡೆಯುತ್ತಿದೆ, ಲಂಡನ್ನಿನ ಪರೀಕ್ಷಾ ಮಂಡಳಿಗಳ 1ರಿಂದ 8ರವರೆಗಿನ ಗ್ರೇಡುಗಳ ಪರೀಕ್ಷೆಯನ್ನು ಗೋವೆಗೆ ಹೋಗಿ ಕೊಟ್ಟು ಬರಬಹುದು. ಎಂಟನೆಯ ಗ್ರೇಡು ಮುಗಿದ ಮೇಲೆ ಏನು ಎಂದು ಕೇಳಿದರೆ ಉತ್ತರಿಸುವವರು ಮಾತ್ರ ಕಾರವಾರದಲ್ಲಿ ಸಿಗುವುದಿಲ್ಲ.

ಹುಡುಗಿ ಆರನೆಯ ವಯಸ್ಸಿನಲ್ಲಿ ಕಲಿಯಲು ತೊಡಗಿದಳು. ಕೈ ಬೆಳೆದ ಮೇಲೆ ಅವಳಿಗೆ ಸಿಕ್ಕಿದ್ದು ಇಗರ್ಜಿಯಲ್ಲಿ ನುಡಿಸುತ್ತಿದ್ದ ಅಜ್ಜನ ಪಿಟೀಲು. ತಂತಿ ಬಿಗಿಯುವ ಅದರ ಮೂಲ ಬಿರಡೆಗಳು ಎಂದೋ ಸವೆದುಹೋಗಿ, ಅಜ್ಜನ ಕಾಲದಲ್ಲೇ ಶಿರಸಿಯ ಗುಡಿಗಾರರೊಬ್ಬರು ಬೀಟೆ ಮರದಲ್ಲಿ ಹೊಸ ಬಿರಡೆ ಕಡೆದು ಕೊಟ್ಟಿದ್ದರು. ಮಾಸ್ತರರು ಒಂದು ಕಾಲಕ್ಕೆ ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸಿ, ವಯಸ್ಸಾದ ಮೇಲೆ ಊರಿಗೆ ಮರಳಿದವರು. ಮಳೆಗಾಲದಲ್ಲಿ ಪಿಟೀಲನ್ನು ಕಾಪಾಡುವ ವಿದ್ಯೆಯನ್ನು ಹುಡುಗಿಯ ಮನೆಯವರಿಗೆ ಕಲಿಸಿದವರೂ ಅವರೇ. ಬಟ್ಟೆಯ ಕಪಾಟಿನ ಕೆಳಗಿನ ಖಾನೆಯನ್ನು ಖಾಲಿ ಮಾಡಿ, ಅದರೊಳಗೆ ಒಂದು 40 ವ್ಯಾಟಿನ ಬಲ್ಬನ್ನು ಜೂನ್‌ನಿಂದ ಅಕ್ಟೋಬರಿನವರೆಗೆ ಹಗಲೂ ರಾತ್ರಿ ಉರಿಸಬೇಕು. ಇಲ್ಲವಾದರೆ ಪಿಟೀಲಿನ ಹಲಗೆಗಳನ್ನು ಹಿಡಿದಿರುವ ಸರೇಸು ತೇವ ಕುಡಿದು ಅಂಚು ಬಿಡುತ್ತದೆ, ಬಿರಡೆಗಳು ಉಬ್ಬಿ ತಿರುಗದಾಗುತ್ತವೆ. ಅದೇ ಖಾನೆಯಲ್ಲಿ ಹುಡುಗಿಯ ಅಜ್ಜಿ ಹಪ್ಪಳದ ಡಬ್ಬಿಯನ್ನೂ ಇಡುತ್ತಿದ್ದರು. ಮಾಸ್ತರರು ಅದಕ್ಕೆ ಆಕ್ಷೇಪಿಸಲಿಲ್ಲ.

ಹದಿನೈದನೆಯ ವಯಸ್ಸಿಗೆ ಹುಡುಗಿ ಎಂಟನೆಯ ಗ್ರೇಡು ಮುಗಿಸಿದ್ದಳು. ಪ್ರಕರಣ ಶುರುವಾಗುವುದು ಆ ವರ್ಷದ ಫೆಬ್ರವರಿಯಲ್ಲಿ.

ತಪ್ಪು ಬಾಗಿಲು

2018ರ ಆಗಸ್ಟಿನಲ್ಲಿ ಎಡಿನ್‌ಬರೋದ ಅಷರ್ ಹಾಲ್‌ನಲ್ಲಿ ನಡೆದ ಯೂರೋವಿಷನ್ ಯಂಗ್ ಮ್ಯುಸಿಷಿಯನ್ಸ್ ಸ್ಪರ್ಧೆಯ ವೀಡಿಯೊವನ್ನು ತಂದೆ-ಮಗಳು ಕೂಡಿ ಎಷ್ಟೋ ಬಾರಿ ನೋಡಿದ್ದರು. ಹದಿನೆಂಟು ದೇಶಗಳು, ಬಿಬಿಸಿ ಸ್ಕಾಟಿಷ್ ಸಿಂಫನಿ ಆರ್ಕೆಸ್ಟ್ರಾ, ಪ್ರತಿ ಮಗುವಿನ ಹೆಸರಿನ ಜೊತೆಗೆ ಅದರ ದೇಶದ ಹೆಸರು. ಆ ವರ್ಷ ಗೆದ್ದವನು ರಷ್ಯಾದ ಪಿಯಾನೊ ವಾದಕ ಇವಾನ್ ಬೆಸ್ಸೊನೊವ್. ಇದನ್ನು ನೋಡಿದ ತಂದೆಯವರ ಮನಸ್ಸಿನಲ್ಲಿ ಒಂದು ತಿಳಿವಳಿಕೆ ಗಟ್ಟಿಯಾಗಿ ಕೂತಿತು: ಅಂತರರಾಷ್ಟ್ರೀಯ ಸ್ಪರ್ಧೆಗೆ ಮಗುವನ್ನು ದೇಶ ಕಳಿಸುತ್ತದೆ, ಆದ್ದರಿಂದ ಮೊದಲು ದೇಶದ ಪರವಾಗಿ ಸಹಿ ಹಾಕುವವರನ್ನು ಹುಡುಕಬೇಕು. ಅವರು ಮಾಸ್ತರರನ್ನು ಕೇಳಿದ್ದೂ ಅದನ್ನೇ.

“ಮಾಸ್ತರ್ರೇ, ಇಂಡಿಯಾದಿಂದ ಇದಕ್ಕೆ ಕಳಿಸುವವರು ಯಾರು?”

ಮಾಸ್ತರರಿಗೂ ಗೊತ್ತಿರಲಿಲ್ಲ. ರೇಡಿಯೊದವರಿರಬಹುದು ಎಂದರು. ಯೂರೋವಿಷನ್ ಸ್ಪರ್ಧೆಯ ಮಟ್ಟಿಗೆ ಆ ಊಹೆ ತಪ್ಪೂ ಆಗಿರಲಿಲ್ಲ, ಮುಂದಿನ ಗೊಂದಲಕ್ಕೆಲ್ಲ ಕಾರಣವಾದದ್ದು ಅದೇ. ಫೆಬ್ರವರಿಯಿಂದ ಜೂನ್ ಮೊದಲ ವಾರದವರೆಗೆ ತಂದೆಯವರು ನಾಲ್ಕು ಕಚೇರಿಗಳಿಗೆ ಅಲೆದರು. ಎಲ್ಲಿಯೂ ಯಾರೂ ‘ಇಲ್ಲ’ ಎನ್ನಲಿಲ್ಲ. ಒಂದು ಕಡೆ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಕೇಳಿದರು, ಇನ್ನೊಂದು ಕಡೆ ಶಾಲೆಯ ಮೂಲಕ ಬರಲಿ ಎಂದರು, ಮತ್ತೊಂದು ಕಡೆ ಕಡತವನ್ನು ಬೆಂಗಳೂರಿಗೆ ಕಳಿಸಿದ್ದೇವೆ ಎಂದು ಕ್ರಮಾಂಕ ಬರೆದುಕೊಟ್ಟರು. ಸರ್ಕಾರಿ ಕಚೇರಿಯಲ್ಲಿ ‘ಇಲ್ಲ’ ಎಂಬ ಉತ್ತರ ಸಿಗುವುದು ಒಂದು ಉಪಕಾರ ಎಂದು ಮೂವತ್ತೆರಡು ವರ್ಷ ಮೇಜಿನ ಆಚೆ ಕೂತ ನಾನು ಹೇಳಬಲ್ಲೆ. ಆ ಉಪಕಾರವನ್ನು ಅವರಿಗೆ ಯಾರೂ ಮಾಡಲಿಲ್ಲ.

ಜೂನ್ ಎರಡನೆಯ ವಾರ ಕಡತ ನನ್ನ ಮುಂದೆ ಬಂತು. ಇನ್ನೊಂದು ಪತ್ರವನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದುಕೊಡಿ ಎಂಬುದು ತಂದೆಯವರ ಕೋರಿಕೆ. ಬರೆಯುವ ಮೊದಲು ಯಾವ ಸ್ಪರ್ಧೆ, ಅದರ ನಿಯಮಾವಳಿ ಎಲ್ಲಿ ಎಂದು ಕೇಳಿದೆ. ಮನೆಯಲ್ಲಿ ಯಾರೂ ಅದನ್ನು ಮುದ್ರಿಸಿಕೊಂಡಿರಲಿಲ್ಲ. ಆ ರಾತ್ರಿ ಪೆನ್ಸಿಲ್ ಹಿಡಿದು ಎರಡು ನಿಯಮಾವಳಿಗಳನ್ನು ಓದಿದೆ, ಪ್ರಕರಣದ ಮೊದಲ ತಿರುವು ಅಲ್ಲಿದೆ.

ಯೂರೋವಿಷನ್ ಯಂಗ್ ಮ್ಯುಸಿಷಿಯನ್ಸ್ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ನಡೆಸುವ ಸ್ಪರ್ಧೆ. 1982ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರು ದೇಶಗಳೊಂದಿಗೆ ಆರಂಭವಾಗಿ, ನಮ್ಮ ಶಿರಸಿ ಮಾರಿಕಾಂಬೆಯ ಜಾತ್ರೆಯಂತೆ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ಅಲ್ಲಿ ಭಾಗವಹಿಸುವುದು ಎಂದರೆ ಆಯಾ ದೇಶದ ರೇಡಿಯೊ ಅಥವಾ ಟಿ.ವಿ. ಸಂಸ್ಥೆ ಭಾಗವಹಿಸುವುದು, ವಾದಕರನ್ನು ಆರಿಸಿ ಕಳಿಸುವುದು ಅದೇ ಸಂಸ್ಥೆ. ಅದರಲ್ಲೂ ಒಕ್ಕೂಟದ ಪೂರ್ಣ ಸದಸ್ಯತ್ವ ಯುರೋಪಿನ ಪ್ರಸಾರ ವಲಯ ಮತ್ತು ಯುರೋಪ್ ಮಂಡಳಿಯ ದೇಶಗಳಿಗೆ ಮೀಸಲಾದುದರಿಂದ ಭಾರತದ ಮಗುವಿಗೆ ಆ ಬಾಗಿಲು ಇಲ್ಲ. ನಾಲ್ಕು ಕಚೇರಿಗಳೂ ಒಟ್ಟಾಗಿ ಮನಸ್ಸು ಮಾಡಿದ್ದರೂ ಆಗುತ್ತಿರಲಿಲ್ಲ.

ಅವಳು ನಿಜವಾಗಿ ಸೇರಬೇಕೆಂದಿದ್ದ ಸ್ಪರ್ಧೆ ಬೇರೆಯದೇ ಜಾತಿಯದು. ಹೆಸರಾಂತ ಪಿಟೀಲು ವಾದಕ ಯೆಹೂದಿ ಮೆನುಹಿನ್ 1983ರಲ್ಲಿ ಆರಂಭಿಸಿದ, 22 ವರ್ಷದೊಳಗಿನ ಪಿಟೀಲು ವಾದಕರ ಸ್ಪರ್ಧೆಯ ಮಾದರಿಯಲ್ಲಿ ಯುರೋಪಿನಲ್ಲಿ ನಡೆಯುವ ಹಲವು ಸ್ಪರ್ಧೆಗಳಲ್ಲಿ ಅದೂ ಒಂದು. ಅಲ್ಲಿ ಅರ್ಜಿ ಹಾಕುವವರು ವಾದಕರೇ. ಹದಿನಾಲ್ಕು ಪುಟಗಳ ನಿಯಮಾವಳಿಯಲ್ಲಿ ‘ದೇಶ’ ಎಂಬ ಮಾತು ಎರಡು ಕಡೆ ಮಾತ್ರ ಬರುತ್ತಿತ್ತು: ನಮೂನೆಯ ಪೌರತ್ವದ ಅಂಕಣದಲ್ಲಿ ಮತ್ತು ಪಾಸ್‌ಪೋರ್ಟಿನ ಪ್ರತಿ ಕೇಳಿದ ಸಾಲಿನಲ್ಲಿ. ಶಿಫಾರಸು ಪತ್ರ ಒಬ್ಬ ಶಿಕ್ಷಕರದು ಸಾಕಿತ್ತು. ಅರ್ಜಿಯ ಕೊನೆಯ ದಿನ ಜುಲೈ 31. ಕಿರಿಯರ ವಿಭಾಗಕ್ಕೆ ಸ್ಪರ್ಧೆಯ ಮೊದಲ ದಿನದಂದು 16 ತುಂಬಿರಬಾರದು. ಸ್ಪರ್ಧೆ ಮಾರ್ಚಿನಲ್ಲಿ, ಹುಡುಗಿಗೆ 16 ತುಂಬುವುದು ಏಪ್ರಿಲಿನಲ್ಲಿ. ಈ ಸಲ ತಪ್ಪಿದರೆ ಎರಡು ವರ್ಷ ಕಾದು, ಹಿರಿಯರ ವಿಭಾಗದಲ್ಲಿ ಇಪ್ಪತ್ತೊಂದರ ಪ್ರಾಯದವರ ಎದುರು ನಿಲ್ಲಬೇಕಿತ್ತು. ಕಚೇರಿ ಸುತ್ತಿದ ನಾಲ್ಕು ತಿಂಗಳ ಬೆಲೆ ಆ ರಾತ್ರಿ ಲೆಕ್ಕಕ್ಕೆ ಸಿಕ್ಕಿತು.

ದೇಶ ಎಂಬುದರ ಬಗ್ಗೆ ತಂದೆಯವರಿಗೆ ಸಮಾಧಾನವಾಗಿರಲಿಲ್ಲ. ಕಳಿಸುವವರಿಲ್ಲದೆ ಹೋದರೆ ಭಾರತದ ಹೆಸರು ಹಾಕಿಕೊಳ್ಳಬಹುದೇ ಎಂದು ಅವರು ಕೇಳುತ್ತಲೇ ಇದ್ದರು. ನಾನು ಅವರಿಗೆ ಆಸ್ಟ್ರಿಯಾದ ಪಟ್ಟಿ ತೋರಿಸಿದೆ. ಯೂರೋವಿಷನ್ ಸ್ಪರ್ಧೆಯಲ್ಲಿ ಆ ದೇಶ ಗೆದ್ದ ಮೊದಲ ಐದು ಸಲ, ಅಂದರೆ 1988, 1998, 2002, 2004 ಮತ್ತು 2014ರಲ್ಲಿ, ಗೆದ್ದವರೆಲ್ಲರೂ ಪಿಟೀಲು ವಾದಕರು, ಮತ್ತು ಐವರೂ ಹುಟ್ಟಿದ್ದು ಬೇರೆಡೆ. ಜೂಲಿಯನ್ ರಾಖ್ಲಿನ್ ಲಿಥುವೇನಿಯಾದ ವಿಲ್ನಿಯಸ್‌ನವರು, ಲಿಡಿಯಾ ಬೈಚ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನವರು, ಡಾಲಿಬೋರ್ ಕಾರ್ವಾಯ್ ಸ್ಲೊವಾಕಿಯಾದವರು, ಅಲೆಕ್ಸಾಂಡ್ರಾ ಸುಮ್ ಮಾಸ್ಕೋದಲ್ಲಿ ಹುಟ್ಟಿದವರು, ಜಿಯು ಹೇ ಚೀನಾದ ಚಿಂಗ್ಡಾವ್‌ನವರು. ಅವರ ಹೆಸರಿನ ಮುಂದೆ ಆಸ್ಟ್ರಿಯಾ ಎಂದು ಬಿದ್ದದ್ದು ಹುಟ್ಟಿದ ನೆಲದಿಂದಲ್ಲ. ಇದನ್ನು ಕೇಳಿ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅರ್ಜಿ ತುಂಬಿರಿ ಎಂದರು.

ಐದು ವಾರ, ಮೂರು ಮುದ್ರಣ

ಮೊದಲ ಸುತ್ತಿಗೆ ವೀಡಿಯೊ ಕಳಿಸಬೇಕಿತ್ತು. ಬಾಖ್‌ನ ಇ ಮೇಜರ್ ಪಾರ್ಟಿಟಾದ ಗವೋಟ್ ಎಂಬ ಭಾಗ, ಪಗನೀನಿ ಒಂಟಿ ಪಿಟೀಲಿಗೆಂದು ಬರೆದ ಹದಿನಾರನೆಯ ಕೆಪ್ರಿಸ್, ಮೊಜಾರ್ಟ್ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1775ರಲ್ಲಿ ಬರೆದ ಮೂರನೆಯ ಪಿಟೀಲು ಕನ್ಸರ್ಟೊದ ಮೊದಲ ಭಾಗ. ಒಂದೊಂದು ಕೃತಿಯೂ ಒಂದೇ ಓಟದಲ್ಲಿ ಮುದ್ರಣವಾಗಬೇಕು, ಕತ್ತರಿಸಿ ಜೋಡಿಸಬಾರದು, ಕ್ಯಾಮೆರಾ ಅಲುಗಬಾರದು, ಎರಡೂ ಕೈ ಮತ್ತು ಮುಖ ಕಾಣುತ್ತಿರಬೇಕು. ಜುಲೈಯ ಕಾರವಾರದಲ್ಲಿ ಇದನ್ನು ಸಾಧಿಸುವುದು ಹೇಗೆ ಎಂಬುದು ಇಲ್ಲಿನ ಮಳೆ ಕಂಡವರಿಗೆ ಅರ್ಥವಾಗುತ್ತದೆ.

ಮೊದಲು ಒಂದು ಸಭಾಭವನ ಹಿಡಿದೆವು. ಬಾಡಿಗೆ ಕಡಿಮೆಯಿತ್ತು, ಮಾಡಿಗೆ ಶೀಟು ಹೊದೆಸಿದ್ದರು. ಹುಡುಗಿ ಗವೋಟ್‌ನ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಮಳೆ ಹೊಡೆಯಿತು, ಆಮೇಲೆ ಧ್ವನಿಯಲ್ಲಿ ಮಳೆಯ ಹೊರತು ಏನೂ ಇಲ್ಲ. ಎರಡನೆಯದಾಗಿ, ಭಜನೆ ಮತ್ತು ಯಕ್ಷಗಾನದ ಪದಗಳನ್ನು ಮುದ್ರಿಸುವ ಒಂದು ಸ್ಟುಡಿಯೊಕ್ಕೆ ಹೋದೆವು. ಸ್ಟುಡಿಯೊದ ಹುಡುಗ ಮನಸ್ಸಿಟ್ಟು ಕೆಲಸ ಮಾಡಿದ, ತುಸು ಹೆಚ್ಚೇ ಮಾಡಿದ. ಕೆಪ್ರಿಸ್‌ನ ಮೊದಲರ್ಧವನ್ನು ಒಂದು ಓಟದಿಂದಲೂ ಉಳಿದರ್ಧವನ್ನು ಮತ್ತೊಂದರಿಂದಲೂ ತೆಗೆದು, ಹೊಲಿಗೆ ಕಾಣದಂತೆ ಕೂಡಿಸಿ, ಮೇಲಿಂದ ಗುಮ್ಮಟದ ಅನುರಣನ ಸೇರಿಸಿದ. “ಸ್ವಲ್ಪ ಎಕೋ ಹಾಕಿದ್ದೆ ಸರ್, ಚಂದ ಕೇಳ್ತದೆ,” ಎಂದ. ಕೇಳಲು ಚಂದವಾಗಿಯೇ ಇತ್ತು. ಆ ಕಡತವನ್ನು ಕಳಿಸಿದ್ದರೆ ನಿಯಮದಂತೆ ಅರ್ಜಿ ಅಲ್ಲಿಗೇ ಬೀಳುತ್ತಿತ್ತು. ನಾವು ಅವನಿಗೆ ನಿಯಮವನ್ನು ಮೊದಲೇ ಕನ್ನಡದಲ್ಲಿ ಬರೆದುಕೊಡಬೇಕಿತ್ತು. ಅದು ನನ್ನ ಲೋಪ, ಅವನದಲ್ಲ.

ಮೂರನೆಯ ಸ್ಥಳ ಇಗರ್ಜಿ. ಫಾದರ್ ರಾತ್ರಿ ಹತ್ತರ ನಂತರ ಬಾಗಿಲು ತೆರೆದುಕೊಡಲು ಒಪ್ಪಿದರು. ಆದರೆ ಮೊಜಾರ್ಟ್ ಕೃತಿಗೆ ಆರ್ಕೆಸ್ಟ್ರಾದ ಬದಲು ಜೊತೆಗೆ ಬೇಕಿದ್ದ ಪಿಯಾನೊದ ಪ್ರಶ್ನೆ ಅಲ್ಲಿ ಎದ್ದಿತು. ಪಕ್ಕದ ಕೋಣೆಯಲ್ಲಿದ್ದ ಹಳೆಯ ಪಿಯಾನೊದ ತಂತಿಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಶ್ರುತಿ ಇಳಿದಿತ್ತು. ಏರಿಸಲು ಹೋದರೆ ತಂತಿ ಹರಿಯುತ್ತವೆ ಎಂದು ಮಡಗಾಂವ್‌ನಿಂದ ಬಂದ ಪಿಯಾನೊ ವಾದಕಿ ಹೇಳಿದರು. ಅವರ ಮನೆಯಲ್ಲಿ ಡಿಜಿಟಲ್ ಪಿಯಾನೊ ಇತ್ತು, ಆದರೆ ನಿಯಮದಲ್ಲಿ ‘ಪಿಯಾನೊ’ ಎಂದಷ್ಟೇ ಇತ್ತು. ಈ ಒಂದು ಪದದ ಬಗ್ಗೆ ನಮ್ಮಲ್ಲಿ ಎರಡು ದಿನ ಚರ್ಚೆಯಾಯಿತು. ಒಬ್ಬರು ಮುಂಬಯಿಗೆ ಹೋಗೋಣ ಎಂದರು, ಇನ್ನೊಬ್ಬರು ಯಾರಿಗೆ ಗೊತ್ತಾಗುತ್ತದೆ ಎಂದರು. ಕೊನೆಗೆ ಹುಡುಗಿಯೇ, ಸಂಘಟಕರನ್ನೇ ಕೇಳಿದರೆ ಏನಾಗುತ್ತದೆ ಎಂದು ಕೇಳಿದಳು. ಇಮೇಲ್ ಕಳಿಸಿದೆವು. ಮರುದಿನ ಮಧ್ಯಾಹ್ನಕ್ಕೆ ಎರಡು ಸಾಲಿನ ಉತ್ತರ ಬಂತು: ವೀಡಿಯೊ ಸುತ್ತಿಗೆ ಡಿಜಿಟಲ್ ಪಿಯಾನೊ ನಡೆಯುತ್ತದೆ, ಶುಭವಾಗಲಿ. ನಾಲ್ಕು ತಿಂಗಳು ಕಚೇರಿ ಸುತ್ತಿದವರಿಗೆ ಹತ್ತೊಂಬತ್ತು ಗಂಟೆಯಲ್ಲಿ ಉತ್ತರ ಬಂದದ್ದು ನಂಬಲಾಗದ ಸಂಗತಿ. ತಂದೆಯವರು ಆ ಇಮೇಲನ್ನು ಮುದ್ರಿಸಿ ಕಡತಕ್ಕೆ ಸೇರಿಸಿದರು.

ಮೊಜಾರ್ಟ್ ಮಡಗಾಂವ್‌ನಲ್ಲಿ ಮುದ್ರಣವಾಯಿತು. ಬಾಖ್ ಮತ್ತು ಪಗನೀನಿ ಇಗರ್ಜಿಯಲ್ಲಿ, ಮಳೆ ಬಿಟ್ಟ ಒಂದು ರಾತ್ರಿ, ಫ್ಯಾನು ನಿಲ್ಲಿಸಿ. ಸೆಖೆಗೆ ಹುಡುಗಿಯ ಗಲ್ಲದ ಬೆವರು ಪಿಟೀಲಿನ ಮೇಲೆ ಇಳಿಯುತ್ತಿತ್ತು, ಪ್ರತಿ ಓಟದ ನಂತರ ತಾಯಿ ಟವೆಲ್ ಹಿಡಿದು ಬರುತ್ತಿದ್ದರು. ಹೊರಗೆ ಗದ್ದೆಯ ಕಪ್ಪೆಗಳು. ಗವೋಟ್‌ನ ವಿರಾಮಗಳಲ್ಲಿ ಅವು ಇಂದಿಗೂ ಕೇಳಿಸುತ್ತವೆ.

ಕೆಪ್ರಿಸ್ ಐದು ಓಟ ಮುದ್ರಣವಾಗಿತ್ತು. ಮೊದಲನೆಯದು ನಿರ್ದೋಷ. ನಾಲ್ಕನೆಯದರಲ್ಲಿ ಕೊನೆಯ ಪುಟದಲ್ಲಿ ಒಂದು ಸ್ವರ ಸ್ಪಷ್ಟವಾಗಿ ತಪ್ಪಿತ್ತು, ಆದರೆ ಮೊದಲಿನಿಂದಲೂ ಒಂದು ಓಘವಿತ್ತು. ತಂದೆಯವರು ಮೊದಲನೆಯದನ್ನೇ ಕಳಿಸೋಣ ಎಂದರು, ನಾನೂ ಅದೇ ಪಕ್ಷ. ಪರೀಕ್ಷೆ ಕಟ್ಟಿ ಬೆಳೆದವರಿಗೆ ತಪ್ಪು ಎಂದರೆ ಅಂಕ ಹೋಗುವುದು. ಮಾಸ್ತರರು ಕಣ್ಣು ಮುಚ್ಚಿ ಎರಡನ್ನೂ ಕೇಳಿ, ಹೆದರಿ ನುಡಿಸಿದ್ದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ನಾಲ್ಕನೆಯದು ಹೋಗಲಿ ಎಂದರು. ಅದೇ ಹೋಯಿತು, ಜುಲೈ 29ರ ರಾತ್ರಿ.

ಕಾಯುವ ಪಟ್ಟಿ

ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ಆಯ್ಕೆಯಾದವರ ಪಟ್ಟಿಯಲ್ಲಿ ಹುಡುಗಿ ಇರಲಿಲ್ಲ. ಯಾರಾದರೂ ಹಿಂದೆ ಸರಿದರೆ ಕರೆಯಲು ಇಟ್ಟುಕೊಂಡ ಮೂವರ ಪಟ್ಟಿಯಲ್ಲಿ ಎರಡನೆಯ ಹೆಸರು ಅವಳದಿತ್ತು.

ಮನೆಯವರು ಇದನ್ನು ಸೋಲೆಂದೇ ತಿಳಿದರು. ನಾನು ಮಾತ್ರ ಒಂದು ವಿಷಯಕ್ಕೆ ಹಟ ಹಿಡಿದೆ: ಕರೆ ಬರಲಿ ಬಿಡಲಿ, ಹೊರಡಲು ಬೇಕಾದ ಕಾಗದಗಳೆಲ್ಲ ಡಿಸೆಂಬರಿನೊಳಗೆ ಸಿದ್ಧವಿರಬೇಕು. “ಗೊತ್ತಾಗದ ಮದುವೆಗೆ ಚಪ್ಪರ ಯಾಕೆ ಹಾಕ್ತೀರಿ?” ಎಂದು ತಂದೆಯವರು ಬೇಸರದಿಂದಲೇ ಕೇಳಿದರು. ಆದರೂ ತಾಯಿಯ ಪಾಸ್‌ಪೋರ್ಟ್ ಮಾಡಿಸಿದೆವು, ಅಪ್ರಾಪ್ತಳ ಪ್ರಯಾಣಕ್ಕೆ ತಂದೆಯ ಒಪ್ಪಿಗೆ ಪತ್ರ ಸಿದ್ಧವಾಯಿತು, ಆರು ತಿಂಗಳ ಬ್ಯಾಂಕ್ ವಿವರ ಒಂದೆಡೆ ಸೇರಿತು. ವಾದ್ಯವನ್ನು ಗಡಿ ದಾಟಿಸುವ ವಿಚಾರ ಎದ್ದದ್ದೂ ಆಗಲೇ, ಅದು ನಾವು ಯಾರೂ ಎಣಿಸದ ಕಡೆ ತೊಡಕಾಯಿತು.

ಬೀಟೆ ಮರ 2017ರ ಜನವರಿಯಿಂದ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ ಎಂದು ಓದಿ, ಗುಡಿಗಾರರ ಬಿರಡೆಗಳ ಬಗ್ಗೆ ನನಗೆ ಭಯ ಹತ್ತಿತು. ಮುಂದೆ ಓದಿದಾಗ, ಸಿದ್ಧಗೊಂಡ ವಾದ್ಯಗಳಿಗೂ ಅವುಗಳ ಭಾಗಗಳಿಗೂ 2019ರ ನವೆಂಬರಿನಿಂದ ವಿನಾಯಿತಿ ಇರುವುದು ತಿಳಿಯಿತು. ಅಲ್ಲಿಗೆ ನಿಟ್ಟುಸಿರು ಬಿಟ್ಟು ಪೆಟ್ಟಿಗೆ ಮುಚ್ಚುವವನಿದ್ದೆ. ಮಾಸ್ತರರು ಕಮಾನನ್ನು ಕೈಗೆತ್ತಿಕೊಂಡು ಅದರ ತುದಿಯ ಬಿಳಿ ಬಿಲ್ಲೆಯನ್ನು ಉಗುರಿನಿಂದ ತಟ್ಟಿ, ಇದು ಮೂಳೆಯಲ್ಲ, ದಂತ ಎಂದರು. ಉಗುರಿನಷ್ಟೂ ಅಗಲವಿರದ ಒಂದು ಚೂರು. ಹಳೆಯ ಕಮಾನುಗಳ ತುದಿಗೆ ದಂತದ ಬಿಲ್ಲೆ ಅಂಟಿಸುವುದು ವಾಡಿಕೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಂದು ಕಡೆ, ಅಂತರರಾಷ್ಟ್ರೀಯ ಒಪ್ಪಂದ ಇನ್ನೊಂದು ಕಡೆ ಇರುವಾಗ ಅದನ್ನು ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುವುದು ಮೂರ್ಖತನ. ಗೋವೆಯಿಂದ ಕಾರ್ಬನ್ ಫೈಬರಿನ ಕಮಾನೊಂದು ಎರವಲು ಬಂತು. ಹುಡುಗಿ ಎರಡು ವಾರ ಅದನ್ನು ಮುಟ್ಟಲಿಲ್ಲ, ಅಜ್ಜನ ಕಮಾನು ತಾನೇ ಎಳೆಯುತ್ತದೆ, ಇದನ್ನು ನಾನು ಎಳೆಯಬೇಕು ಎಂದಳು. ಆಮೇಲೆ ಹೊಂದಿಕೊಂಡಳು. ಕಾಗದ ಸಿದ್ಧಪಡಿಸುವ ನೆಪದಲ್ಲಿ ಕಮಾನು ಬದಲಾದದ್ದರಿಂದ ಅವಳ ಕೈಗೆ ಮೂರು ತಿಂಗಳು ಸಿಕ್ಕಿತು; ಕರೆ ಬಂದ ಮೇಲೆ ಬದಲಾಗಿದ್ದರೆ ಮೂರು ವಾರವೂ ಸಿಗುತ್ತಿರಲಿಲ್ಲ.

ಕರೆ ಬಂದದ್ದು ಫೆಬ್ರವರಿಯ ಒಂದು ಶುಕ್ರವಾರ ರಾತ್ರಿ, ಸ್ಪರ್ಧೆಗೆ ಹತ್ತೊಂಬತ್ತು ದಿನ ಮೊದಲು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದ ಅರ್ಜಿಯನ್ನು ತೀರ್ಮಾನಿಸಲು ಸಾಮಾನ್ಯ ಗಡುವೇ ಹದಿನೈದು ದಿನ. ತಾಯಿ-ಮಗಳು ಮಂಗಳವಾರ ಬೆಂಗಳೂರಿನಲ್ಲಿದ್ದರು. ಹನ್ನೊಂದನೆಯ ದಿನ ಪಾಸ್‌ಪೋರ್ಟುಗಳು ಕೊರಿಯರ್‌ನಲ್ಲಿ ಬಂದವು. ಟಿಕೆಟ್ಟಿನ ಹಣಕ್ಕೆ ಸೊಸೈಟಿಯಲ್ಲಿ ಬಂಗಾರ ಅಡ ಇಟ್ಟರು, ಇಗರ್ಜಿಯವರು ಒಂದು ಪಾಲು ಕೂಡಿಸಿದರು. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು ಹೆಸರು ಹೇಳಬಾರದೆಂಬ ಷರತ್ತಿನ ಮೇಲೆ ಉಳಿದದ್ದನ್ನು ಕೊಟ್ಟರು. ಮುಂಬಯಿಯಲ್ಲಿ ಹೊರಡುವ ಮೊದಲು ಕಸ್ಟಮ್ಸ್‌ನವರಿಂದ ಪಿಟೀಲಿಗೆ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರು. ಅದಿದ್ದರೆ ಮರಳಿ ಬರುವಾಗ ಸ್ವಂತ ವಾದ್ಯಕ್ಕೆ ಸುಂಕದ ಮಾತು ಬರುವುದಿಲ್ಲ.

ಅಲ್ಲಿ ನಡೆದದ್ದು

ನಾನು ಹೋಗಿರಲಿಲ್ಲ, ತಾಯಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಹೊರಗೆ ಚಳಿ, ಒಳಗೆ ಹೀಟರಿನ ಒಣ ಬಿಸಿ. ಕಾರವಾರದ ತೇವದಲ್ಲಿ ಆಯಸ್ಸು ಕಳೆದ ಬೀಟೆ ಬಿರಡೆಗಳು ಎರಡನೆಯ ದಿನವೇ ಕುಗ್ಗಿ ಜಾರತೊಡಗಿದವು. ಸರದಿಯ ದಿನ ಬೆಳಗ್ಗೆ ಪೆಟ್ಟಿಗೆ ತೆರೆದರೆ ನಾಲ್ಕೂ ತಂತಿ ಸಡಿಲಾಗಿ, ತಂತಿಗಳನ್ನು ಹೊರುವ ಕುದುರೆ ವಾಲಿತ್ತು. ಮಾಸ್ತರರು ಪೆಟ್ಟಿಗೆಯಲ್ಲಿ ಒಂದು ಸೀಮೆಸುಣ್ಣದ ತುಂಡು ಇಟ್ಟು ಕಳಿಸಿದ್ದರು. ತಾಯಿ ಒಂದೊಂದೇ ಬಿರಡೆಯನ್ನು ಹೊರತೆಗೆದು ಸುಣ್ಣ ಉಜ್ಜಿ ಕೊಟ್ಟರು, ಹುಡುಗಿ ಕೂರಿಸಿದಳು. ತಂತಿ ನಿಂತವು.

ಅವಳು ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಮುಂದಿನ ಸುತ್ತಿಗೆ ಹೋಗದವರಿಗೆ ಒಬ್ಬ ತೀರ್ಪುಗಾರರ ಜೊತೆ ಐದು ನಿಮಿಷ ಮಾತಾಡಲು ಅವಕಾಶವಿತ್ತು. ಬಹಳಷ್ಟು ಮಕ್ಕಳು ಅದನ್ನು ಬಿಟ್ಟು ಹೋದರಂತೆ, ಹುಡುಗಿ ಹೋಗಿ ಕೂತಳು. ಬಾಖ್ ಚೆನ್ನಾಗಿತ್ತು, ನಾದ ನಿನ್ನದೇ ಆಗಿದೆ ಎಂದ ತೀರ್ಪುಗಾರರು ಮೊಜಾರ್ಟ್‌ನ ಹಾಳೆ ತೆರೆದು ಒಂದು ಕಡೆ ಬೆರಳಿಟ್ಟು, ಇಲ್ಲಿ ಪಿಯಾನೊದ ಎಡಗೈ ಏನು ನುಡಿಸುತ್ತಿತ್ತು ಎಂದು ಕೇಳಿದರು. ಅವಳಿಗೆ ಹೇಳಲಾಗಲಿಲ್ಲ. ಎರಡು ಪುಟ ಮುಂದೆ ಹೋಗಿ ಮತ್ತೆ ಅದನ್ನೇ ಕೇಳಿದರು. ಅಲ್ಲಿಯೂ ಆಗಲಿಲ್ಲ. ನೀನು ಪಿಯಾನೊದ ಪಕ್ಕದಲ್ಲಿ ನುಡಿಸಿದೆ, ಅದರ ಜೊತೆಗೆ ನುಡಿಸಲಿಲ್ಲ ಎಂದರಂತೆ.

ಈ ಪ್ರಕರಣದ ಬಗ್ಗೆ ಯೋಚಿಸುವಾಗಲೆಲ್ಲ ನಾನು ಬಂದು ನಿಲ್ಲುವುದು ಈ ಐದು ನಿಮಿಷಗಳ ಮುಂದೆ. ಒಂಬತ್ತು ವರ್ಷಗಳಲ್ಲಿ ಹುಡುಗಿ ಇನ್ನೊಬ್ಬ ವಾದಕರೊಂದಿಗೆ ನುಡಿಸಿದ ಗಂಟೆಗಳನ್ನು ನಾವು ಆಮೇಲೆ ಲೆಕ್ಕ ಹಾಕಿದೆವು. ಪರೀಕ್ಷೆಗಳ ಮುನ್ನಾದಿನದ ಅಭ್ಯಾಸ, ಮಡಗಾಂವ್‌ನ ಮುದ್ರಣ, ಸ್ಪರ್ಧೆಯಲ್ಲಿ ಕೊಟ್ಟ ಅರ್ಧ ಗಂಟೆ, ಎಲ್ಲ ಸೇರಿ ಇಪ್ಪತ್ತು ದಾಟಲಿಲ್ಲ. ಉಳಿದ ಸಾವಿರಾರು ಗಂಟೆ ಅವಳು, ಲಯ ಎಣಿಸುವ ಮೆಟ್ರೋನೋಮು ಮತ್ತು ಫೋನಿನಲ್ಲಿ ಓಡುವ ಪಕ್ಕವಾದ್ಯ. ಫೋನು ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ, ಆದ್ದರಿಂದ ಅದರೊಂದಿಗೆ ನುಡಿಸುವವರಿಗೂ ಕೇಳಿಸಿಕೊಳ್ಳುವ ಅಗತ್ಯ ಹುಟ್ಟುವುದಿಲ್ಲ. ತಮಾಷೆಯೆಂದರೆ ತಬಲಾದವನ ಕಣ್ಣು ನೋಡಿ ತಾಳದ ಮೊದಲ ಮಾತ್ರೆಯಾದ ಸಮ್ ಹಿಡಿಯುವುದನ್ನು ನಮ್ಮ ಜಿಲ್ಲೆಯಲ್ಲಿ ಹತ್ತು ವರ್ಷದ ಮಗುವೂ ಬಲ್ಲದು. ಆ ವಿದ್ಯೆ ಪಕ್ಕದ ಮನೆಯಲ್ಲೇ ಇದ್ದರೂ ಪಿಟೀಲಿನ ಕೋಣೆಗೆ ಬರಲಿಲ್ಲ.

ಯುರೋಪಿನ ದೇಶವೊಂದು ಭಾಗವಹಿಸುತ್ತದೆ ಎಂದರೇನು ಎಂಬುದು ನನಗೆ ಅರ್ಥವಾದದ್ದೂ ಆಗಲೇ. ಯೂರೋವಿಷನ್‌ನಲ್ಲಿ ಪ್ರಸಾರ ಸಂಸ್ಥೆ ಕೊಡುವುದು ಸಹಿಯೊಂದನ್ನೇ ಎಂದು ತಂದೆಯವರೂ ನಾನೂ ಎಣಿಸಿದ್ದೆವು. ಬ್ರಿಟನ್ನಿನಲ್ಲಿ ಬಿಬಿಸಿ 1978ರಿಂದಲೇ ತನ್ನದೇ ಯುವ ವಾದಕರ ಸ್ಪರ್ಧೆ ನಡೆಸುತ್ತಿತ್ತು, ಯೂರೋವಿಷನ್ ಸ್ಪರ್ಧೆಗೆ ಪ್ರೇರಣೆಯಾದದ್ದೇ ಅದು. ಅಂಥ ಏರ್ಪಾಡಿನಲ್ಲಿ ಬೆಳೆದ ಮಗು ಅಂತಿಮ ವೇದಿಕೆಗೆ ಬರುವಷ್ಟರಲ್ಲಿ ಆರ್ಕೆಸ್ಟ್ರಾದ ನಡುವೆ ನಿಂತು, ಹಿಂದಿನ ಸಾಲಿನಲ್ಲಿ ಓಬೋ ಎಂಬ ಊದುವ ವಾದ್ಯದವರು ಉಸಿರೆಳೆಯುವುದನ್ನು ಕೇಳಿ ನುಡಿಸಿರುತ್ತದೆ. ಆಸ್ಟ್ರಿಯಾದ ಹೆಸರಿನಲ್ಲಿ ಗೆದ್ದ ಆ ಐವರ ಪಟ್ಟಿಯನ್ನು ತಂದೆಯವರಿಗೆ ತೋರಿಸಿದಾಗ ನಾನು ಅರ್ಧವನ್ನಷ್ಟೇ ಓದಿದ್ದೆ. ಹುಟ್ಟಿದ ದೇಶ ಲೆಕ್ಕಕ್ಕಿಲ್ಲ ಎಂದು ಓದಿದೆ. ಜೊತೆಗೆ ನುಡಿಸುವವರು ಸಿಗುವ ಊರು ಲೆಕ್ಕಕ್ಕಿದೆ ಎಂಬುದು ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಜಾತ್ರೆಯಲ್ಲಿ ಸಿನಿಮಾ ಹಾಡು ಹೇಳುವ ತಂಡ. ಐದು ವಾರದ ಸಿದ್ಧತೆಯಲ್ಲಿ ನಾವು ಕ್ಯಾಮೆರಾಕ್ಕೆ, ಮಳೆಗೆ, ದಂತದ ಚೂರಿಗೆ ತಲೆ ಕೆಡಿಸಿಕೊಂಡೆವು. ಮಡಗಾಂವ್‌ನ ವಾದಕಿಯ ಬಳಿಗೆ ವಾರಕ್ಕೊಮ್ಮೆ ರೈಲಿನಲ್ಲಿ ಕಳಿಸುವುದು ಯಾರಿಗೂ ಹೊಳೆಯಲಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳನ್ನು ನಾನು ಕಾಗದಕ್ಕೆ ಬಳಸಿದೆ; ಅವೇ ತಿಂಗಳುಗಳು ಇದಕ್ಕೂ ಇದ್ದವು.

ಮರಳಿ ಬಂದ ಮೇಲೆ ಹುಡುಗಿ ಎರಡು ತಿಂಗಳು ಹೊಸ ಕೃತಿ ಯಾವುದನ್ನೂ ತೆಗೆದುಕೊಳ್ಳಲಿಲ್ಲ. ಮಾಸ್ತರರು ತಮ್ಮ ಉಳಿದ ಶಿಷ್ಯರಲ್ಲಿ ಮೂವರನ್ನು ಆರಿಸಿ, ಅವಳ ಜೊತೆ ಕೂಡಿ ನುಡಿಸಲು ಶನಿವಾರ ಸಂಜೆ ಹುಡುಗಿಯ ಮನೆಗೆ ಬರಲು ಹೇಳಿದರು. ಒಬ್ಬ ಮೂರನೆಯ ಗ್ರೇಡಿನವನು, ಇಬ್ಬರು ಐದನೆಯವರು. ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಇಲ್ಲದ್ದರಿಂದ ಅದರ ಪಾಲನ್ನು ಪಿಟೀಲಿಗೆ ಬದಲಿಸಿ ಬರೆದುಕೊಂಡಿದ್ದಾರೆ, ಚೆಲ್ಲೊದ ಪಾಲನ್ನು ಮಾಸ್ತರರು ಹಾರ್ಮೋನಿಯಂನಲ್ಲಿ ಹಿಡಿಯುತ್ತಾರೆ. ಹುಡುಗಿಗೆ ಕೊಟ್ಟಿರುವುದು ಎರಡನೆಯ ಪಿಟೀಲಿನ ಪಾಲು. ಅಜ್ಜನ ಕಮಾನನ್ನು ಅವಳೇ ಮೂರನೆಯ ಗ್ರೇಡಿನ ಹುಡುಗನಿಗೆ ಶನಿವಾರದ ಮಟ್ಟಿಗೆ ಕೊಟ್ಟಿದ್ದಾಳೆ.

ಕಳೆದ ವಾರ ನಾನು ಹೋದಾಗ ಒಂದೇ ಹದಿನಾರು ಬಾರ್‌ಗಳನ್ನು, ಅಂದರೆ ಹದಿನಾರು ಆವರ್ತಗಳನ್ನು, ಏಳನೆಯ ಸಲ ನುಡಿಸುತ್ತಿದ್ದರು. ಅಜ್ಜಿ ಕಪಾಟಿನಿಂದ ಹಪ್ಪಳದ ಡಬ್ಬಿ ತೆಗೆಯಲು ಬಂದವರು, ಮುಗಿಯಲೆಂದು ಬಾಗಿಲಲ್ಲೇ ನಿಂತಿದ್ದರು. ಎಂಟನೆಯ ಸಲಕ್ಕೆ ಮೊದಲು ಹುಡುಗಿ ಕಮಾನು ಇಳಿಸಿ, ಪಕ್ಕದವನಿಗೆ, “ನೀನು ಒಬ್ಬನೇ ನುಡಿಸು, ನಿಂದು ನನಗೆ ಸರಿ ಕೇಳ್ತಾ ಇಲ್ಲ,” ಎಂದಳು.